ಹನ್ನೆರಡನೆಯ ಸಾಲಿನ ಕಾರು

ನಾನು ಈವರೆಗೆ ಒಂದೇ ಒಂದು ಕಾರು ತಯಾರಿಸಿದ್ದೇನೆ. ಕಾಲು ಗಂಟೆ ಹಿಡಿಯಿತು. ಅದರಲ್ಲಿ ಐದು ನಿಮಿಷ ಚಹಾ ಆರಲೆಂದು ಕಾದದ್ದು. ಜಂಬ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಆ ಕಾರಿಗಾಗಿ ಇಪ್ಪತ್ತಾರು ವರ್ಷದ ಹೆಸರನ್ನು ಪಣಕ್ಕಿಟ್ಟವರು ಅಳತೆ ಮಾವ, ಹಾಗಾಗಿ ಈ ಬರಹವೂ ಅವರದೇ. ನನ್ನ ಹೆಸರಿನಲ್ಲಿ ಪಣಕ್ಕಿಡುವಂಥದ್ದು ಏನೂ ಇರಲಿಲ್ಲ.

ಅಳತೆ ಮಾವ ನಮ್ಮ ಕಾರು ಮಾಸಿಕದಲ್ಲಿ ‘ಬರಲಿರುವ ಕಾರುಗಳು’ ಎಂಬ ಪುಟ ಬರೆಯುತ್ತಿದ್ದರು. ಇನ್ನೂ ಯಾರೂ ಕಣ್ಣಾರೆ ಕಾಣದ ಕಾರುಗಳ ಉದ್ದ, ಅಗಲ, ಎಂಜಿನ್ ಎಲ್ಲಿ, ಯಾವ ತಿಂಗಳು ಬಂದೀತು, ಬೆಲೆ ಎಷ್ಟಿದ್ದೀತು, ಎಲ್ಲ ಸೇರಿ, ಕಾರಿಗೊಂದರಂತೆ ಹನ್ನೆರಡು ಸಾಲಿನ ಕೋಷ್ಟಕ. ಕೆಳಗೆ ಅವರ ಸಹಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋ ಕಸುಬು ಎಂದು ಕಚೇರಿಯಲ್ಲಿ ಎಲ್ಲರೂ ನಗುತ್ತಿದ್ದರು. ಮಾವನ ಮಟ್ಟಿಗೆ ಅದು ಬರೀ ಗಾದೆಯಾಗಿರಲಿಲ್ಲ. ಪತ್ರಿಕೆ ಸೇರುವ ಮೊದಲು ಅವರು ಕಾರಿನ ಸೀಟುಗಳಿಗೆ ಕವರು ಹೊಲಿಯುವ ದರ್ಜಿ. ಒಂದು ವರ್ಷ ಯಾರದೋ ಮಾತು ನಂಬಿ, ಬರಲಿರುವ ಒಂದು ಕಾರಿಗೆಂದು ನಲವತ್ತು ಜೊತೆ ಕವರು ಮೊದಲೇ ಹೊಲಿದು ಪೇರಿಸಿಟ್ಟರು. ಆ ಕಾರು ಬರಲೇ ಇಲ್ಲ. ಅಂಗಡಿ ಮುಚ್ಚಿತು. ಕವರುಗಳು ಮನೆಗೆ ಬಂದವು. ಅತ್ತೆ, ಅಂದರೆ ಮಾವನ ಹೆಂಡತಿ, ಅವನ್ನು ಮನೆಯಲ್ಲಿರುವ ಕುರ್ಚಿ, ಸ್ಟೂಲು, ದಿಂಬುಗಳಿಗೆಲ್ಲ ತೊಡಿಸಿ ನೋಡಿದರು. ಯಾವುದಕ್ಕೂ ಕೂರಲಿಲ್ಲ, ಎಲ್ಲೆಲ್ಲೂ ಸುಕ್ಕು.

“ನಾನು ಬೆಲೆ ತಪ್ಪಿದೀನಿ, ತಿಂಗಳು ತಪ್ಪಿದೀನಿ,” ಎನ್ನುತ್ತಿದ್ದರು ಮಾವ. “ಇಲ್ಲದ ಕಾರು ಮಾತ್ರ ಒಂದೂ ಬರೆದಿಲ್ಲ. ಬರೆಯೋದೂ ಇಲ್ಲ.”

ನನ್ನನ್ನು ಅವರು ಅಳಿಯ ಎಂದು ಕರೆಯುತ್ತಿದ್ದರು. “ಕೊಡೋಕೆ ಮಗಳಿಲ್ಲ, ಅದಕ್ಕೇ ಧೈರ್ಯವಾಗಿ ಕರೀತೀನಿ,” ಎಂದು ಮೊದಲ ದಿನವೇ ಹೇಳಿಬಿಟ್ಟರು. ನಾನು ಅವರ ಪುಟ ಕಲಿಯಲು ಬಂದವನು. ಅವರು ನಿವೃತ್ತರಾಗಲು ಎರಡು ತಿಂಗಳಿತ್ತು. ನನ್ನ ಕೆಲಸ ಖಾಯಂ ಆಗಲೂ ಎರಡೇ ತಿಂಗಳು.

ಆ ತಿಂಗಳ ಸಂಚಿಕೆ ಪೂರ್ತಿ ನಡುವಿನಲ್ಲಿ ಎಂಜಿನ್ ಇರುವ ಸ್ಪೋರ್ಟ್ಸ್ ಕಾರುಗಳದ್ದು. ಅದರ ಗುಟ್ಟನ್ನು ಮಾವ ನನಗೆ ಒಂದೇ ಉಸಿರಿನಲ್ಲಿ ಹೇಳಿಕೊಟ್ಟಿದ್ದರು. “ಎಂಜಿನ್ನು ಮುಂದಿದ್ರೆ ಮನೆಮಂದಿಯೆಲ್ಲ ಕೂರಬಹುದು. ಅದನ್ನ ತಂದು ಡ್ರೈವರ್ ಬೆನ್ನ ಹಿಂದೆ ಇಟ್ರೆ ಹಿಂದಿನ ಸೀಟು ಹೋಯ್ತು, ಡಿಕ್ಕಿ ಹೋಯ್ತು, ಮಕ್ಕಳು ಹೋದ್ರು, ಅತ್ತೆ ಹೋದ್ರು. ಬೆಲೆ ಮಾತ್ರ ಎರಡು ಪಟ್ಟು.”

“ಯಾಕೆ ಮಾವ?”

“ಅತ್ತೆ ಬರೋಕಾಗಲ್ಲ ಅನ್ನೋದಕ್ಕೇ ಅರ್ಧ ದುಡ್ಡು.”

ಅಷ್ಟು ಹೇಳಿ ಅವರು ಕಣ್ಣಿನ ಪೊರೆ ತೆಗೆಸಲು ನಾಲ್ಕು ದಿನ ರಜೆ ಹಾಕಿದರು. ಕೋಷ್ಟಕ ತುಂಬುವುದು ನನ್ನ ಪಾಲಿಗೆ ಬಂತು. ಎಷ್ಟು ತಡಕಾಡಿದರೂ ಹನ್ನೊಂದೇ ಕಾರು ಸಿಕ್ಕವು. ಸಂಪಾದಕಿ ಬಂದು ಪುಟ ನೋಡಿ, “ಹನ್ನೆರಡು ಬೇಕು ಕಣೋ. ಖಾಲಿ ಸಾಲು ಬಿದ್ದ ಹಲ್ಲಿನ ಹಾಗೆ ಕಾಣತ್ತೆ,” ಎಂದು ಹೋದರು. ಆಗ ನಾನು ಚಹಾ ಆರಲು ಬಿಟ್ಟು ಒಂದು ಕಾರು ಮಾಡಿದೆ.

ಕಾರಿಗೆ ಅಳತೆ ಬೇಕು. ನನಗೆ ಬಾಯಿಪಾಠವಿದ್ದ ಅಳತೆ ಒಂದೇ, ನನ್ನ ಬಾಡಿಗೆ ಕೋಣೆಯದು. ಅದು ಕೋಣೆಯೂ ಅಲ್ಲ, ಎರಡು ಮನೆಗಳ ನಡುವಿನ ಓಣಿಗೆ ಸೂರು ಹಾಕಿದ್ದು. ಉದ್ದ ಹದಿನಾಲ್ಕೂವರೆ ಅಡಿ, ಅಗಲ ಆರೂಕಾಲು. ಎರಡನ್ನೂ ಹಾಗೇ ಬರೆದೆ. ಎತ್ತರಕ್ಕೆ ಕಿಟಕಿಯ ಕೆಳಗಿನ ಅಂಚು, ಮೂರು ಅಡಿ ಹತ್ತು ಅಂಗುಲ. ಬಾಗಿಲು ಒಳಕ್ಕೆ ತೆರೆಯುತ್ತದೆ, ಹಿಂಭಾಗ ಸೋರುತ್ತದೆ, ಆದ್ದರಿಂದ ಮಂಚವನ್ನು ನಡುವೆ ಅಡ್ಡಡ್ಡ ಹಾಕಿಕೊಂಡಿದ್ದೆ. ಎಂಜಿನ್: ನಡುವೆ, ಅಡ್ಡಡ್ಡ. ಬೆಲೆ ತೊಂಬತ್ತು ಲಕ್ಷ. ಇದು ಮಾತ್ರ ನನ್ನ ಕೋಣೆಗೆ ಸಂಬಂಧಿಸಿದ್ದಲ್ಲ.

ಕೆಳಗೆ ಎಂದಿನಂತೆ ಮಾವನ ಸಹಿ ಅಚ್ಚಾಯಿತು.

ಹದಿನೈದು ದಿನದಲ್ಲಿ ಇನ್ನೊಂದು ಪತ್ರಿಕೆ ಅದನ್ನು ‘ಬಲ್ಲ ಮೂಲಗಳ ಪ್ರಕಾರ’ ಎಂದು ಹಾಕಿತು. ಬಲ್ಲ ಮೂಲ ನಾನೇ. ಮತ್ತೊಂದು ಪತ್ರಿಕೆ ಈ ಪತ್ರಿಕೆಯನ್ನು ಮೂಲವೆಂದಿತು. ನಾಲ್ಕು ಮನೆ ತಿರುಗಿ ನನ್ನ ಸುಳ್ಳು ಹೊಸ ಅಂಗಿ ತೊಟ್ಟ ನೆಂಟನಂತೆ ನಮ್ಮ ಕಚೇರಿಗೇ ವಾಪಸು ಬಂತು. ಸಂಪಾದಕಿ ಖುಷಿಯಾಗಿ, ಮಾವನ ಕೊನೆಯ ಲೇಖನ ಇದರ ಮೇಲೇ ಆಗಲಿ, ಪೂರ್ತಿ ಪುಟ, ಅಳತೆ ಬೆಲೆ ಎಲ್ಲ ಬಿಡಿಸಿ ಬರೆಯಲಿ ಎಂದರು. ಅಷ್ಟು ಹೊತ್ತಿಗೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾಗಿದ್ದರು.

“ಇದೆಲ್ಲಿ ಸಿಕ್ತೋ ಅಳಿಯ ನಿನಗೆ?”

“ಸಿಕ್ತು ಮಾವ.”

“ಭೇಷ್,” ಎಂದು ಬೆನ್ನು ತಟ್ಟಿದರು. ಆ ಜಾಗ ಎರಡು ದಿನ ಉರಿಯಿತು. ಹೇಳಿಬಿಡಬೇಕಿತ್ತು. ಖಾಯಂ ಕೆಲಸದ ಆಸೆ ಬಾಯಿಗೆ ಬೀಗ ಹಾಕಿತು.

ಮಾವನ ಲೆಕ್ಕದ ರೀತಿ ವಿಚಿತ್ರವಾಗಿತ್ತು. ಹಳೇ ಸಂಚಿಕೆಗಳನ್ನು ಒಟ್ಟುವ ಹಿಂದಿನ ಕೋಣೆಯಲ್ಲಿ, ನೆಲದ ಮೇಲೆ, ಕಾರಿನ ನಿಜವಾದ ಅಳತೆಗೆ ಕಾಗದದ ಟೇಪು ಅಂಟಿಸಿ ಗೆರೆ ಎಳೆಯುವರು. ಒಳಗೆ ಚಕ್ರ ಎಲ್ಲಿ, ಎಂಜಿನ್ ಎಲ್ಲಿ, ಅದರ ಮುಂದಿನ ತಡೆಗೆ ಒಂದು ರಟ್ಟು. ಉಳಿದ ಜಾಗದಲ್ಲಿ ಒಂದು ದಿಂಬು ಹಾಕಿ ತಾವೇ ಕೂರುವರು. ಕಾರೆಂದರೆ ಕೂತವನ ಮೈಗೆ ಹೊಲಿದ ಬಟ್ಟೆ ಎಂಬುದು ಅವರ ದರ್ಜಿ ಬುದ್ಧಿ. “ಎಷ್ಟು ಕೆಳಗೆ ಕೂರಿಸ್ತಾರೋ ಬೆಲೆ ಅಷ್ಟು ಮೇಲೆ,” ಎಂದು ಅಂಗುಲಕ್ಕೆ ಇಷ್ಟು ಲಕ್ಷ ಎಂದು ಗುಣಿಸುವರು. ನಗಬೇಡಿ, ಕಂಪನಿಯವರ ಬೆಲೆಗೂ ಇವರ ಬೆಲೆಗೂ ಎಂದೂ ಮೂರು ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದದ್ದಿಲ್ಲ.

ನನ್ನ ಕಾರಿಗೂ ಗೆರೆ ಎಳೆದರು. ಕೂತರು. ಎದ್ದರು. ಮತ್ತೆ ಕೂತರು.

“ಮೂರು ಬೆರಳು ಕಮ್ಮಿ ಇದೆ,” ಎಂದರು. “ಇದರಲ್ಲಿ ಕೂರೋನು ಹಿಂದಕ್ಕೆ ಒರಗೋಕಾಗಲ್ಲ. ಬೆನ್ನಿಗೆ ಎಂಜಿನ್ನು ಒತ್ತತ್ತೆ. ಎಲ್ಲಿ, ನೀನು ಕೂರು.”

ಕೂತೆ. ಮಾವ ನನ್ನನ್ನು ಬಹಳ ಹೊತ್ತು ನೋಡಿದರು.

“ಮೊದಲ ಸಲ ಕೂರೋರು ಒರಗೋಕೆ ಹೋಗಿ ರಟ್ಟಿಗೆ ತಲೆ ಹೊಡ್ಕೋತಾರೆ. ನೀನು ಒರಗಲೇ ಇಲ್ವಲ್ಲೋ. ಇದರಲ್ಲೇ ಹುಟ್ಟಿ ಬೆಳೆದೋನ ಹಾಗೆ ಕೂತೆ.”

ನನ್ನ ಕೋಣೆಯಲ್ಲಿ ಕೂರಲು ಇರುವುದು ಒಂದೇ ಕುರ್ಚಿ. ಮುಚ್ಚಿದ ಶಿಶುವಿಹಾರವೊಂದರ ಟೀಚರ್ ಕೂರುತ್ತಿದ್ದದ್ದು, ಮಕ್ಕಳ ಎತ್ತರಕ್ಕೆ ಬರಲೆಂದು ಕಾಲು ಕತ್ತರಿಸಿದ್ದು. ಮುಂದೆ ಗೋಡೆಗೆ ಮೊಳೆ ಹೊಡೆದ ಹಲಗೆ, ಹಿಂದೆ ಮಂಚದ ಅಂಚು. ಒರಗಲು ಮೂರು ಬೆರಳು ಕಮ್ಮಿ.

ಮಾರನೆಯ ದಿನ ಗುಡಿಸುವ ಅಕ್ಕ ಬಕೆಟ್ಟು ಹಿಡಿದು ನಮ್ಮ ಮೇಜಿನ ಮುಂದೆ ನಿಂತಳು. “ಹಿಂದಿನ ಕೋಣೇಲಿ ಏನು ಮಾಡಿದೀರ? ಒರೆಸಿದ್ರೆ ಎಲ್ಲಾ ಕಡೆ ಹತ್ತು ನಿಮಿಷ ಒದ್ದೆ ಇರತ್ತೆ. ಆ ರಟ್ಟಿನ ಹಿಂದೆ ಮಾತ್ರ ಬಟ್ಟೆ ಎತ್ತೋ ಅಷ್ಟರಲ್ಲಿ ಆರಿಹೋಗತ್ತೆ.”

“ಬಿಸಿಲು ಬೀಳತ್ತೇನೋ ಅಕ್ಕ,” ಎಂದೆ.

“ಕಿಟಕಿ ಇಲ್ಲದ ಕೋಣೆಗೆ ಬಿಸಿಲನ್ನ ನೀನೇ ಹೊತ್ಕೊಂಡು ಬಂದ್ಯಾ?” ಎಂದು ಆಕೆ ಹೋದಳು. ಆಮೇಲೆ ಆ ಗೆರೆಯೊಳಗೆ ಆಕೆ ಒರೆಸಲಿಲ್ಲ. ಮಿಕ್ಕವರೂ ಗೆರೆ ದಾಟದೆ ಸುತ್ತು ಹಾಕಿ ಓಡಾಡತೊಡಗಿದರು. ನಿಲ್ಲಿಸಿದ ಕಾರಿನೊಳಗಿಂದ ಯಾರು ತಾನೇ ಹಾದುಹೋಗುತ್ತಾರೆ?

ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋಗಿ ಕೋಣೆಗೆ ಬಂದೆ. ಮೋಡ ಕವಿದಿತ್ತು. ಮಂಚದ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಯಾರೋ ಮಲಗಿ ಎದ್ದ ಬಿಸಿಯಲ್ಲ. ಅದು ಮೇಲೆ ಇರುತ್ತದೆ. ಇದು ಅಡಿಯಿಂದ ಬರುತ್ತಿತ್ತು. ಕುರ್ಚಿಯಲ್ಲಿ ಕೂತೆ, ಬೆನ್ನು ಮಂಚದ ಕಡೆಗೆ. ಹಿಂದಿನಿಂದ ಸಣ್ಣ ಸದ್ದು: ಟಿಕ್. ಸ್ವಲ್ಪ ಹೊತ್ತು ಬಿಟ್ಟು, ಟಿಕ್. ದೂರ ಓಡಿ ಬಂದು ನಿಂತ ಎಂಜಿನ್ ತಣ್ಣಗಾಗುವಾಗ ಬರುವ ಸದ್ದು. ಕಾರು ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊರಗೆ ಹೋಗಿ ಸಂಜೆಯವರೆಗೆ ಬಸ್ ಸ್ಟಾಪಿನಲ್ಲಿ ಕೂತೆ. ಬಸ್ಸಿನ ಎಂಜಿನ್ ಮುಂದೆಯೇ ಇರುತ್ತದೆ ಎಂಬುದು ಅಂದು ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಬುಧವಾರ ಆ ಪತ್ರ ಬಂತು. ಹೆದ್ದಾರಿಯ ಟೋಲ್ ಗೇಟಿನಲ್ಲಿ ಚೀಟಿ ಕೊಡುವ ಓದುಗನೊಬ್ಬ ಬರೆದದ್ದು. ಮಾವ ಅದನ್ನು ಇಡೀ ಕಚೇರಿಗೆ ಕೇಳುವಂತೆ ಓದಿದರು.

“‘ನಿಮ್ಮ ಹನ್ನೆರಡನೇ ಸಾಲಿನ ಕಾರು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಕಿಟಕಿಗೆ ಬಂದಿತ್ತು. ಗುರುತು ಸಿಗದಿರಲೆಂದು ಮೈತುಂಬ ಕಪ್ಪು ಬಿಳಿ ಪಟ್ಟಿ ಅಂಟಿಸಿದ್ದರು. ಓಡಿಸುವವನು ಪರೀಕ್ಷೆ ಬರೆಯುವ ಹುಡುಗನ ಹಾಗೆ ಮುಂದಕ್ಕೆ ಬಗ್ಗಿದ್ದ, ಒಂದು ಸಲವೂ ಹಿಂದಕ್ಕೆ ಒರಗಲಿಲ್ಲ.’ ನೋಡಿದ್ಯಾ ಅಳಿಯ, ಮೂರು ಬೆರಳು! ನಿನ್ನ ಬಿಟ್ಟು ನಾನು ಯಾರಿಗೂ ಹೇಳಿರಲಿಲ್ಲ. ‘ಹಿಂದಿನ ಗಾಜಿನೊಳಗೆ ಹಗ್ಗ ಕಟ್ಟಿ ನೀಲಿ ಪಟ್ಟೆಯ ಟವೆಲ್ ಒಣಹಾಕಿತ್ತು, ಅದರ ಒಂದು ಮೂಲೆ ಸುಟ್ಟಿತ್ತು.’ ಪಾಪ, ಟೆಸ್ಟ್ ಮಾಡೋ ಹುಡುಗರು, ಕಾರಲ್ಲೇ ಸಂಸಾರ.”

ಇಸ್ತ್ರಿ ಪೆಟ್ಟಿಗೆ ತಾಗಿ ಆ ಮೂಲೆ ಸುಟ್ಟದ್ದು ಹೋದ ವರ್ಷ. ಟವೆಲ್ಲು ಆಗಲೂ ನನ್ನ ಮಂಚದ ಹಿಂದಿನ ಹಗ್ಗದ ಮೇಲೆ ಇತ್ತು. ಇರಬೇಕು.

ಪುಟ ಅಚ್ಚಿಗೆ ಹೋಗುವುದು ಗುರುವಾರ ಸಂಜೆ. ಬುಧವಾರ ಕೆಲಸ ಬಿಟ್ಟ ಮೇಲೆ ಮಾವನ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಬೆಲ್ಟು ಕಳಚಿಟ್ಟ ಹೊಲಿಗೆ ಯಂತ್ರ, ಗೋಡೆಗುಂಟ ಸೂರಿನವರೆಗೆ ಮಡಿಸಿಟ್ಟ ಕವರುಗಳು. ಅತ್ತೆ ನೀರು ತಂದಿಟ್ಟು, “ಏನಪ್ಪಾ, ಮುಖ ಒಳ್ಳೇ ತೊಳೆದ ಪಾತ್ರೆ ಥರ ಇದೆ?” ಎಂದರು.

ಹೇಳಿಬಿಟ್ಟೆ. ಹನ್ನೊಂದೇ ಕಾರು ಸಿಕ್ಕಿದ್ದು, ಚಹಾ, ಕಾಲು ಗಂಟೆ. ಮಾವ ಕಪ್ಪು ಕನ್ನಡಕ ತೆಗೆದು ಮಡಿಚಿದರು. ಅವರ ಕಣ್ಣು ಗೋಡೆಯ ಕವರುಗಳ ಕಡೆ ಹೋಯಿತು. ಅತ್ತೆ ಹೋಗಿ ರೇಡಿಯೋ ಆರಿಸಿದರು.

“ಎರಡನೇ ಸಲ,” ಎಂದರು ಮಾವ. “ಮೊದಲ ಸಲ ಯಾರದೋ ಮಾತು ನಂಬಿದೆ. ಈ ಸಲ ನಿನ್ನದು.”

“ಸಂಪಾದಕಿಗೆ ನಾನೇ ಹೇಳ್ತೀನಿ ಮಾವ. ಕೆಲಸ ಹೋದ್ರೆ ಹೋಗ್ಲಿ.”

“ಸಹಿ ಯಾರದು?”

“ನಿಮ್ಮದು.”

“ಮತ್ತೆ ನೀನ್ಯಾವ ಊರ ದಾಸಯ್ಯ?” ಆಮೇಲೆ ಕೇಳಿದರು: “ಅಳತೆ ಎಲ್ಲಿಂದ ತಗೊಂಡೆ? ಮನಸ್ಸಿಂದ ಹುಟ್ಟಿಸಿದ್ದಾದ್ರೆ ಎಲ್ಲೋ ಒಂದು ಕಡೆ ಅಡ್ಡಾದಿಡ್ಡಿ ಆಗತ್ತೆ. ಇದು ಎಲ್ಲೂ ಆಗಿಲ್ಲ. ಯಾರೋ ಒಳಗಿರೋ ಅಳತೆ ಇದು.”

“ನನ್ನ ಕೋಣೇದು ಮಾವ.”

ಅವರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದೇಬಿಟ್ಟರು.

ನನ್ನ ಬಾಗಿಲಲ್ಲಿ ಅವರು ಚಪ್ಪಲಿ ಬಿಡಲಿಲ್ಲ; ವಾಹನ ಹತ್ತುವವರ ಹಾಗೆ ಮೊದಲು ತಲೆ ಬಗ್ಗಿಸಿದರು. ಟೇಪು ಬಿಚ್ಚುವ ಅಗತ್ಯವೇ ಬೀಳಲಿಲ್ಲ. ನನ್ನ ಕುರ್ಚಿಯಲ್ಲಿ ಕೂತರು, ನಾನು ಪಕ್ಕದಲ್ಲಿ ನೆಲಕ್ಕೆ ಕೂತೆ. ಇಬ್ಬರೂ ಗೋಡೆಯತ್ತ ಮುಖ ಮಾಡಿದ್ದೆವು. ಹಿಂದಿನಿಂದ ಟಿಕ್ ಎಂದಿತು. ಮಾವ ತಿರುಗಲಿಲ್ಲ.

“ಯಾವಾಗಿಂದ?”

“ಭಾನುವಾರದಿಂದ.”

“ಬಿಸಿ ಇದೆ,” ಎಂದರು, ಜ್ವರ ನೋಡುವವರ ದನಿಯಲ್ಲಿ. ಆಮೇಲೆ ಕಣ್ಣು ಮುಚ್ಚಿ ತುಟಿಯಲ್ಲೇ ಗುಣಿಸಿದರು. “ತೊಂಬತ್ತಲ್ಲ. ಎಂಬತ್ತಾರು ಲಕ್ಷದ ನಲವತ್ತು ಸಾವಿರ.” ಹಾಗೆಂದದ್ದು ಕೇಳಿಸಿದ್ದು ನನಗೊಬ್ಬನಿಗೇ. ಅದನ್ನು ಅವರು ಎಲ್ಲೂ ಬರೆಯಲಿಲ್ಲ.

ಏಳುವಾಗ ಸೊಂಟ ಹಿಡಿದುಕೊಂಡರು. “ಇದ್ಯೋ ಇಲ್ವೋ, ಅದು ಆಮೇಲಿನ ಮಾತು. ಒಳಗೆ ಕೂತೋನ ಬೆನ್ನಿಗೆ ಮೂರು ಬೆರಳು ಜಾಗ ಕೊಡದೆ ಮಲಗಿದ್ಯಲ್ಲೋ ಇಷ್ಟು ದಿನ. ಗರಗಸ ಇದ್ಯಾ?”

ಪಕ್ಕದ ಮನೆಯಿಂದ ತಂದೆ. ಕಣ್ಣಿನ ಡಾಕ್ಟರು ಬಗ್ಗಬಾರದು ಎಂದದ್ದನ್ನು ನೆನಪಿಸಿದರೂ ಕೇಳದೆ, ಮುಂದಿನ ಹಲಗೆಯನ್ನು ಅಂಚಿನುದ್ದಕ್ಕೂ ಮೂರು ಬೆರಳು ಕೊಯ್ದರು. ಕುರ್ಚಿ ಅಷ್ಟು ಮುಂದೆ ಸರಿಯಿತು. ನಾನು ಕೂತು ಮೊದಲ ಬಾರಿಗೆ ಹಿಂದಕ್ಕೆ ಒರಗಿದೆ. ಅಷ್ಟು ಸುಖವಾಗಿತ್ತು, ನಾಚಿಕೆಯಾಯಿತು.

ಗುರುವಾರ ಮಾವ ಸಂಪಾದಕಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪೂರ್ತಿ ಪುಟದ ಜಾಗದಲ್ಲಿ ನಾಲ್ಕು ಸಾಲು ಅಚ್ಚಾಯಿತು: ಹೋದ ಸಂಚಿಕೆಯ ಹನ್ನೆರಡನೆಯ ಸಾಲಿನ ಕಾರು ಇಲ್ಲ. ಇದ್ದಂತೆ ಬರೆದದ್ದು ನನ್ನ ತಪ್ಪು. ಓದುಗರು ಕ್ಷಮಿಸಬೇಕು. ಕೆಳಗೆ ಅವರ ಸಹಿ. ನನ್ನ ಹೆಸರು ಎಲ್ಲೂ ಇರಲಿಲ್ಲ. ನಮ್ಮಿಂದ ಕದ್ದು ಹಾಕಿದ್ದ ಪತ್ರಿಕೆಯೇ ‘ಮುದುಕರ ಕಣ್ಣಿಗೆ ಪೊರೆ’ ಎಂದು ಕುಟುಕಿತು. ನಿವೃತ್ತಿಯ ದಿನ ಎಲ್ಲರೂ ಕೈ ಕುಲುಕಿದರು, ಆದರೆ ಕಾರಿನ ಮಾತು ಯಾರೂ ಎತ್ತಲಿಲ್ಲ. ಕಾರು ಪತ್ರಿಕೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮಾವ ತಾವೇ ಹಿಂದಿನ ಕೋಣೆಗೆ ಹೋಗಿ ನೆಲದ ಟೇಪನ್ನು ಉಗುರಿನಿಂದ ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. ನನ್ನ ಕೆಲಸ ಖಾಯಂ ಆಯಿತು.

ಒಂದೂವರೆ ತಿಂಗಳ ಮೇಲೆ ಟೋಲ್ ಗೇಟಿನವನ ಎರಡನೆಯ ಪತ್ರ ಬಂತು. ಈಗ ಪುಟ ನನ್ನದು, ಹಾಗಾಗಿ ನಾನೇ ಒಡೆದೆ. ಓದಿ, ಊಟದ ಡಬ್ಬಿ ಮುಚ್ಚಿ, ನೇರ ಮಾವನ ಮನೆಗೆ ಹೋದೆ.

‘ಇಲ್ಲ ಎಂದು ಬರೆದಿರಿ,’ ಎಂದಿತ್ತು ಅದರಲ್ಲಿ. ‘ಮೊನ್ನೆ ಮತ್ತೆ ಬಂದಿತ್ತು. ಈ ಸಲ ಇಬ್ಬರಿದ್ದರು. ಓಡಿಸುವವನು ಆರಾಮಾಗಿ ಹಿಂದಕ್ಕೆ ಒರಗಿದ್ದ. ಪಕ್ಕದಲ್ಲಿ ಕಪ್ಪು ಕನ್ನಡಕದ ಹಿರಿಯರು, ಕೊರಳಲ್ಲಿ ದರ್ಜಿಯ ಟೇಪು. ಬೆಲೆ ಎಷ್ಟು ಸಾರ್ ಎಂದೆ. ಎಂಬತ್ತಾರು ನಲವತ್ತು ಎಂದರು.’

ಮಾವ ಪತ್ರವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ಇದನ್ನ ಹಾಕಿದ್ರೆ ನಿಮ್ಮ ಹೆಸರು ಉಳಿಯತ್ತೆ ಮಾವ,” ಎಂದೆ. “ಸಾಕ್ಷಿ ಇದೆ. ಬೆಲೆ ಸಮೇತ ಇದೆ.”

“ಒರಗಿದ್ನಂತಾ?”

“ಹೂಂ. ಆರಾಮಾಗಿ ಅಂತ ಬರೆದಿದಾನೆ.”

“ಸರಿ ಹಾಗಾದ್ರೆ.” ಪತ್ರವನ್ನು ನಾಲ್ಕಾಗಿ ಮಡಿಚಿ, ಅಲುಗಾಡುತ್ತಿದ್ದ ಹೊಲಿಗೆ ಯಂತ್ರದ ಕಾಲಿನಡಿ ಇಟ್ಟರು. “ಹಾಕಬೇಡ. ಇಲ್ಲ ಅಂತ ಸಹಿ ಮಾಡಿದೀನಿ. ಇವತ್ತು ಇದೆ ಅಂದ್ರೆ ಅವತ್ತಿನ ಸಹಿ ಸುಳ್ಳಾಗತ್ತೆ. ಎಷ್ಟು ಸಲ ಅಂತ ಸುಳ್ಳಾಗಲಿ ನಾನು?”

ಅತ್ತೆ ಒಳಗಿನಿಂದ ಹೇಳಿದರು. “ಬೆಳಿಗ್ಗೆ ಹನ್ನೊಂದಾದ್ರೆ ಸಾಕು, ಕುರ್ಚೀಲಿ ಕೂತು ಎದುರಿಗಿರೋ ಗೋಡೆ ನೋಡ್ತಿರ್ತಾರೆ. ಕರೆದ್ರೆ ಓಗೊಡಲ್ಲ. ಎದ್ದಾಗ ಅಂಗಿ ಬೆನ್ನು ಮುಟ್ಟಿ ನೋಡಿದ್ರೆ ಇಸ್ತ್ರಿ ಮಾಡಿದ ಹಾಗೆ ಬಿಸಿ. ಎಲ್ಲಿಗೆ ಹೋಗಿದ್ರಿ ಅಂದ್ರೆ ನಗ್ತಾರೆ.”

“ನಿನ್ನ ಕರ್ಕೊಂಡು ಹೋಗೋಕೆ ಸೀಟಿಲ್ವೇ,” ಎಂದರು ಮಾವ.

ಹೊರಟಾಗ ಗೋಡೆಗುಂಟ ಇದ್ದ ರಾಶಿಯಿಂದ ಒಂದು ಕವರು ಎಳೆದು, ಧೂಳು ಕೊಡವಿ ನನ್ನ ಕೈಗೆ ಕೊಟ್ಟರು. “ತಗೊಂಡು ಹೋಗು. ಕೂತು ಕೂತು ಮೈ ಒತ್ತತ್ತೆ.”

ಆ ಸಂಜೆ ಅದನ್ನು ಶಿಶುವಿಹಾರದ ಕುರ್ಚಿಗೆ ತೊಡಿಸಿದೆ. ಇಪ್ಪತ್ತಾರು ವರ್ಷದಿಂದ ಯಾವುದಕ್ಕೂ ಕೂರದಿದ್ದ ಬಟ್ಟೆ, ಬೆನ್ನಿಗೆ, ಅಂಚಿಗೆ, ಮೂಲೆಗೆ ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತು. ಒರಗಿದೆ. ಹಿಂದೆ ಬೆಚ್ಚಗಿತ್ತು.

ಈ ತಿಂಗಳೂ ನನಗೆ ಹನ್ನೊಂದೇ ಕಾರು ಸಿಕ್ಕಿವೆ. ಹನ್ನೆರಡನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಸಂಪಾದಕಿ ನೋಡಿಯೂ ಸುಮ್ಮನಿದ್ದಾರೆ. ಮಂಚದ ಹಿಂದಿನ ಹಗ್ಗದಿಂದ ಟವೆಲ್ಲನ್ನು ಮಾತ್ರ ತೆಗೆದು ಮಡಿಸಿಟ್ಟಿದ್ದೇನೆ. ನಾಲ್ಕು ಜನ ಓಡಾಡುವ ರಸ್ತೆ, ನೋಡಿದವರು ಏನೆಂದುಕೊಳ್ಳುತ್ತಾರೆ.